ಕಾಣದ ಅಂಗಡಿಯ ಚಹ

ತೆಂಗಿನಕಾಯನ್ನು ಕೊಳ್ಳುವವರು ಅದನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ಒಳಗಿನ ನೀರಿನ ಸದ್ದನ್ನು ಆಲಿಸುತ್ತಾರೆ. ಬೆಂಡೆಕಾಯಿಯ ತುದಿಯನ್ನು ಮುರಿದು ಎಳೆಯದೋ ಬಲಿತದ್ದೋ ಎಂದು ನೋಡುತ್ತಾರೆ. ಅಕ್ಕಿಯ ನಾಲ್ಕು ಕಾಳುಗಳನ್ನು ಬಾಯಿಗೆ ಹಾಕಿಕೊಂಡು ಹಳೆಯದೋ ಹೊಸದೋ ಎಂಬುದನ್ನು ಅರಿಯುತ್ತಾರೆ. ಶಾಸ್ತ್ರವೆಂಬ ಹೆಸರು ಇವಕ್ಕೆ ಇಲ್ಲದಿದ್ದರೂ ಇವೆಲ್ಲ ಪರೀಕ್ಷೆಗಳೇ; ತಲೆತಲಾಂತರದಿಂದ ನಮ್ಮ ಸಂತೆಗಳಲ್ಲಿ ನಡೆದುಬಂದಿರುವ ಪ್ರಯೋಗಗಳೇ. ಕಣ್ಣು, ಕಿವಿ, ನಾಲಗೆ, ಬೆರಳು ಇವೇ ಅವುಗಳ ಉಪಕರಣಗಳು.

ಇಡಿಯೆಲೆಯ ಚಹವನ್ನು ಕೊಳ್ಳುವಾಗಲೂ ಇದೇ ಕ್ರಮ. ತಿಳಿದವರು ಒಂದು ಚಿಟಿಕೆ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ಬೆಚ್ಚನೆಯ ಉಸಿರನ್ನು ಊದಿ, ಏಳುವ ಪರಿಮಳವನ್ನು ಮೂಸುತ್ತಾರೆ; ಎಲೆಯನ್ನು ಬೆರಳುಗಳ ನಡುವೆ ಒತ್ತಿ, ಅದು ಗರಿಗರಿಯಾಗಿ ಮುರಿಯುವುದೋ ಮೆತ್ತಗೆ ಬಾಗುವುದೋ ಎಂದು ನೋಡುತ್ತಾರೆ. ಆದರೆ ಅಂತಹ ಎಲೆಯನ್ನು ಮುಂದಿಟ್ಟು ತೋರಿಸುವ ಅಂಗಡಿಗಳು ನಮ್ಮ ಊರುಗಳಲ್ಲಿ ವಿರಳ. ದಾರ್ಜಿಲಿಂಗಿನ, ಅಸ್ಸಾಮಿನ ಅಥವಾ ನೀಲಗಿರಿಯ ಉತ್ತಮ ಎಲೆಯನ್ನು ಬಯಸುವವನು ಇಂದು ಬಹುಮಟ್ಟಿಗೆ ಅಂತರಜಾಲದ ಅಂಗಡಿಯ ಬಾಗಿಲನ್ನೇ ತಟ್ಟಬೇಕಾಗಿದೆ. ಅಲ್ಲಿ ಮೂಗಿಗೂ ಕೆಲಸವಿಲ್ಲ, ಬೆರಳಿಗೂ ಕೆಲಸವಿಲ್ಲ. ಒಂದು ಚಿತ್ರ, ನಾಲ್ಕು ಸಾಲಿನ ವರ್ಣನೆ, ಒಂದು ಬೆಲೆ, ಇಷ್ಟೇ ಎದುರಿಗಿರುವುದು.

ಹೀಗಿರುವಾಗ ಕಾಣದ ವರ್ತಕನನ್ನು ನಂಬುವುದು ಹೇಗೆ? ಅದು ಅದೃಷ್ಟವನ್ನು ಅವಲಂಬಿಸಿದ ಮಾತೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತವಾದ ಪ್ರಶ್ನೆ. ದೂರದ ದೇಶದ ಯಾವನೋ ವಿಜ್ಞಾನಿ ತಾನೊಂದು ಹೊಸ ಸಂಗತಿಯನ್ನು ಕಂಡೆನೆಂದು ಪ್ರಕಟಿಸಿದರೆ, ನಾವು ಅವನ ಮುಖವನ್ನು ನೋಡಿ ನಂಬುವುದಿಲ್ಲ. ಯಾವ ಪದಾರ್ಥ, ಎಷ್ಟು ಅಳತೆ, ಯಾವ ವಿಧಾನ ಎಂಬುದನ್ನು ಅವನು ಬಿಚ್ಚಿ ಹೇಳಿರುವನೇ ಎಂದು ನೋಡುತ್ತೇವೆ. ಹೇಳಿದ್ದರೆ ಅದನ್ನು ನಾವೇ ಪರೀಕ್ಷಿಸಬಹುದು. ಚಹದ ವರ್ತಕನ ವಿಷಯದಲ್ಲಿಯೂ ಅಳತೆಗೋಲು ಇದೇ. ಸುಳ್ಳಾದರೆ ಸಿಕ್ಕಿಬೀಳುವಂತಹ ಮಾತನ್ನು ಧೈರ್ಯವಾಗಿ ಆಡುವವನು ನಂಬಿಕೆಗೆ ಹತ್ತಿರದವನು. ಎಂದಿಗೂ ಸಿಕ್ಕಿಬೀಳದಂತಹ ಮಾತನ್ನು ಮಾತ್ರ ಆಡುವವನು ದೂರದವನು.

ಎಲೆಯೊಳಗಿನ ಸಂಗತಿ

ಒಳ್ಳೆಯ ಚಹವೆಂದರೇನು ಎಂಬುದು ತಿಳಿಯದೆ ಒಳ್ಳೆಯ ವರ್ತಕನನ್ನು ಗುರುತಿಸಲಾಗದು. ಹಸಿರು ಚಹ, ಕಪ್ಪು ಚಹ, ಇವೆರಡರ ನಡುವಿನ ಊಲಾಂಗ್ ಇವೆಲ್ಲವೂ ಒಂದೇ ಜಾತಿಯ ಸಸ್ಯದಿಂದ ಬರುತ್ತವೆ. ಅದರ ಶಾಸ್ತ್ರೀಯ ನಾಮ ಕಮೆಲಿಯ ಸೈನೆನ್ಸಿಸ್. ಚೀಣಾ ಮೂಲದ ಸಣ್ಣೆಲೆಯ ಬಗೆಯೊಂದು, ಅಸ್ಸಾಮ್ ಮೂಲದ ದೊಡ್ಡೆಲೆಯ ಬಗೆಯೊಂದು, ಹೀಗೆ ಇದರಲ್ಲಿ ಎರಡು ಮುಖ್ಯ ಪ್ರಭೇದಗಳುಂಟು. ಹಸಿರು ಚಹವೂ ಕಪ್ಪು ಚಹವೂ ಬೇರೆ ಬೇರೆ ಗಿಡಗಳಿಂದ ಬರುವುವೆಂದು ಯೂರೋಪಿನವರು ಬಹುಕಾಲ ನಂಬಿದ್ದರು. 19ನೆಯ ಶತಮಾನದ ನಡುಭಾಗದಲ್ಲಿ ಚೀಣಾದಲ್ಲಿ ಸಂಚರಿಸಿದ ರಾಬರ್ಟ್ ಫಾರ್ಚೂನ್ ಎಂಬ ಸಸ್ಯಸಂಗ್ರಾಹಕನು, ಭೇದವು ಗಿಡದಲ್ಲಿಲ್ಲ, ಎಲೆಯನ್ನು ಹದಮಾಡುವ ರೀತಿಯಲ್ಲಿದೆ ಎಂಬುದನ್ನು ಖಚಿತಪಡಿಸಿದನು.

ಪೊದೆಯ ಕುಡಿಯಲ್ಲಿರುವ ಮೊಗ್ಗು ಮತ್ತು ಅದರ ಕೆಳಗಿನ ಎರಡು ಎಲೆಗಳು, ಇವೇ ಉತ್ತಮ ಚಹದ ಮೂಲದ್ರವ್ಯ. ಕೆಫೀನೂ ಕೆಟೆಚಿನ್ ಎಂಬ ಒಗರು ಪದಾರ್ಥಗಳೂ ಈ ಎಳೆಯ ಭಾಗದಲ್ಲಿಯೇ ಹೆಚ್ಚು. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಅದರ ಜೀವಕೋಶಗಳನ್ನು ಒಡೆದಾಗ, ಒಳಗಿದ್ದ ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ಕೆಟೆಚಿನ್‌ಗಳನ್ನು ಉತ್ಕರ್ಷಿಸುತ್ತದೆ. ಆಗ ಹುಟ್ಟುವ ಥಿಯಾಫ್ಲಾವಿನ್‌ಗಳು ಕಷಾಯಕ್ಕೆ ಹೊಳಪನ್ನೂ ಚುರುಕನ್ನೂ ಕೊಟ್ಟರೆ, ಥಿಯಾರುಬಿಜಿನ್‌ಗಳು ಕೆಂಪನ್ನೂ ಗಾಢತೆಯನ್ನೂ ಕೊಡುತ್ತವೆ. ಸರಿಯಾದ ಗಳಿಗೆಯಲ್ಲಿ ಬಿಸಿ ಗಾಳಿಯಿಂದ ಒಣಗಿಸಿ ಈ ಕ್ರಿಯೆಯನ್ನು ನಿಲ್ಲಿಸಬೇಕು. ಹಸಿರು ಚಹದಲ್ಲಾದರೋ ಮೊದಲಿಗೇ ಕಾಯಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ಬಣ್ಣವು ಹಸಿರಾಗಿಯೇ ಉಳಿಯುತ್ತದೆ. ಒಂದು ಕಿಲೋಗ್ರಾಮ್ ಸಿದ್ಧ ಚಹಕ್ಕೆ ನಾಲ್ಕು ಕಿಲೋಗ್ರಾಮಿಗೂ ಮಿಕ್ಕ ಹಸಿಯೆಲೆ ಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಹಾಲು ಸಕ್ಕರೆ ಬೆರಸಿ ಕುದಿಸುವ ಕಾಳುಕಾಳಾದ ಪುಡಿಯು ಬೇರೊಂದು ವಿಧಾನದಿಂದ ಆದುದು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿ.ಟಿ.ಸಿ. ಎಂಬ ಯಂತ್ರವು ಎಲೆಯನ್ನು ನುರಿದು, ಹರಿದು, ಸುರುಳಿಸುತ್ತದೆ. ಭಾರತದ ಉತ್ಪನ್ನದಲ್ಲಿ ಬಹುಪಾಲು ಈ ಬಗೆಯದೇ. ಅದು ಬೇಗ ಬಣ್ಣ ಬಿಡುತ್ತದೆ, ಹಾಲಿನೊಡನೆ ಚೆನ್ನಾಗಿ ಹೊಂದುತ್ತದೆ; ಅದರಲ್ಲಿ ಹೀನಾಯವೇನೂ ಇಲ್ಲ. ಇಡಿಯೆಲೆಯ ಚಹದ ಗುಣ ಮಾತ್ರ ನಯವಾದ ಪರಿಮಳದಲ್ಲಿದೆ. ಆ ಪರಿಮಳವು ತೋಟದ ಎತ್ತರ, ಮಳೆ, ಕೊಯ್ಲಿನ ವಾರ, ಕೆಲವೊಮ್ಮೆ ಕೀಟದ ಕಡಿತವನ್ನು ಕೂಡ ಅವಲಂಬಿಸುತ್ತದೆ. ದಾರ್ಜಿಲಿಂಗಿನ ಬೇಸಗೆಯ ಫಸಲಿಗೆ ಬರುವ ದ್ರಾಕ್ಷಿಯಂತಹ ವಾಸನೆಗೆ, ರಸ ಹೀರುವ ಸಣ್ಣ ಜಿಗಿಹುಳುಗಳ ಕಾಟಕ್ಕೆ ಪ್ರತಿಯಾಗಿ ಗಿಡವು ಎಲೆಯಲ್ಲಿ ಉತ್ಪಾದಿಸುವ ಆವಿಶೀಲ ಪದಾರ್ಥಗಳೂ ಒಂದು ಕಾರಣ.

ಇಂತಹ ಗುಣವು ಚಿತ್ರದಲ್ಲಿ ಕಾಣುವುದಿಲ್ಲ. ಬಹುಕಾಲ ನಿಲ್ಲುವುದೂ ಇಲ್ಲ. ಬೆಳಕು, ಗಾಳಿ, ತೇವ, ಶಾಖ, ಪರವಾಸನೆ ಈ ಐದೂ ಚಹಕ್ಕೆ ಶತ್ರುಗಳು. ಉತ್ತಮ ಎಲೆಗೂ ಸಾಮಾನ್ಯ ಎಲೆಗೂ ಬೆಲೆಯಲ್ಲಿ ಹತ್ತು ಮಡಿ ಅಂತರವಿರುವುದು ಅಪರೂಪವಲ್ಲ. ಬೆಲೆಯಲ್ಲಿ ಅಷ್ಟು ಅಂತರ, ಕಣ್ಣಿಗೆ ಇಷ್ಟು ಕಡಿಮೆ ಅಂತರ: ಮೋಸಕ್ಕೆ ಇದಕ್ಕಿಂತ ಹದವಾದ ನೆಲ ಬೇರೆ ಬೇಕೆ?

ಹಳೆಯ ಮೋಸ, ಹಳೆಯ ಮದ್ದು

ಚಹದ ವ್ಯಾಪಾರವು ಅಂತರಜಾಲಕ್ಕೆ ಬಹುಮೊದಲೇ ದೂರದ ವ್ಯಾಪಾರವಾಗಿತ್ತು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಡಿಯುವವರಿಗೂ ಚೀಣಾದ ತೋಟಗಳಿಗೂ ನಡುವೆ ತಿಂಗಳುಗಟ್ಟಲೆ ಸಮುದ್ರಯಾನವಿತ್ತು. ಸುಂಕವೂ ಅತಿಯಾಗಿದ್ದುದರಿಂದ ಕಳ್ಳಸಾಗಣೆ ಮತ್ತು ಕಲಬೆರಕೆ ಎರಡೂ ಬೆಳೆದವು. ಬೇರೆ ಮರಗಳ ಎಲೆಯನ್ನು ಒಣಗಿಸಿ ಬಣ್ಣ ಹಚ್ಚಿ ಸೇರಿಸುತ್ತಿದ್ದರು. ಒಮ್ಮೆ ಕಾಯಿಸಿದ ಚಹದ ಚರಟವನ್ನೇ ಒಣಗಿಸಿ ಮತ್ತೆ ಮಾರುತ್ತಿದ್ದರು. 1725ರಲ್ಲಿಯೂ 1777ರಲ್ಲಿಯೂ ಪಾರ್ಲಿಮೆಂಟು ಇದರ ವಿರುದ್ಧ ಕಾಯಿದೆಗಳನ್ನು ಮಾಡಬೇಕಾಯಿತು. ರಫ್ತಿಗಾಗಿ ತಯಾರಾಗುತ್ತಿದ್ದ ಹಸಿರು ಚಹಕ್ಕೆ ಚೀಣಾದ ಕಾರ್ಖಾನೆಗಳಲ್ಲಿ ಪ್ರಷ್ಯನ್ ನೀಲಿಯನ್ನೂ ಜಿಪ್ಸಮ್ ಪುಡಿಯನ್ನೂ ಬೆರಸುತ್ತಿದ್ದುದನ್ನು ಫಾರ್ಚೂನನು ಕಣ್ಣಾರೆ ಕಂಡು ಬರೆದನು. ಕೊಳ್ಳುವವರು ಚೆಲುವಾದ ಹಸಿರನ್ನು ಬಯಸುತ್ತಿದ್ದರು. ಮಾರುವವರು ಅದನ್ನೇ ಒದಗಿಸುತ್ತಿದ್ದರು. ಬಣ್ಣವನ್ನು ನೋಡಿ ಮರುಳಾಗುವವನಿಗೆ ಬಣ್ಣವೇ ಸಿಕ್ಕುತ್ತದೆಂಬುದು ಇಂದಿನ ಹೊಳೆಯುವ ಛಾಯಾಚಿತ್ರಗಳಿಗೂ ಅನ್ವಯಿಸುವ ಪಾಠ.

ಮದ್ದು ಬಂದುದು ಮೂರು ದಿಕ್ಕುಗಳಿಂದ. ಒಂದನೆಯದು ಮೊಹರು. 1826ರಲ್ಲಿ ಜಾನ್ ಹಾರ್ನಿಮನ್ ಎಂಬ ವರ್ತಕನು ಚಹವನ್ನು ತೂಕಮಾಡಿ, ಕಟ್ಟಿ, ಮೊಹರು ಮಾಡಿದ ಪೊಟ್ಟಣಗಳಲ್ಲಿ ಮಾರಲು ತೊಡಗಿದನು. ಪೊಟ್ಟಣದ ಮೇಲೆ ಹೆಸರು ಇದ್ದುದರಿಂದ ಒಳಗಿನ ಪದಾರ್ಥಕ್ಕೆ ಹೊಣೆಗಾರನೊಬ್ಬನು ಗೊತ್ತಾದನು. ಎರಡನೆಯದು ರಸಾಯನವಿಜ್ಞಾನ. ಫ್ರೆಡರಿಕ್ ಆಕಮ್ ಎಂಬ ರಸಾಯನವಿಜ್ಞಾನಿಯು 1820ರಲ್ಲಿ ಆಹಾರದ ಕಲಬೆರಕೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಕಲಬೆರಕೆಯನ್ನು ಪತ್ತೆಹಚ್ಚುವ ವಿಧಾನಗಳನ್ನೂ ಶಿಕ್ಷೆಗೊಳಗಾದ ವರ್ತಕರ ಹೆಸರುಗಳನ್ನೂ ಕೊಟ್ಟನು. ಮೂರನೆಯದು ಸೂಕ್ಷ್ಮದರ್ಶಕ. ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹಸಲ್ 1850ರ ದಶಕದಲ್ಲಿ ಅಂಗಡಿಗಳಿಂದ ಕೊಂಡುತಂದ ಆಹಾರಪದಾರ್ಥಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ವರ್ತಕರ ಹೆಸರು ವಿಳಾಸಗಳೊಡನೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಶುದ್ಧ ಪದಾರ್ಥವನ್ನು ಮಾರಿದವರ ಹೆಸರೂ ಅಲ್ಲಿ ಅಚ್ಚಾಗುತ್ತಿತ್ತು. ಪ್ರಾಮಾಣಿಕನಿಗೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಒಳ್ಳೆಯವನು ಸೋಲುವ ಸಂತೆ

ಹೆಸರು ತಿಳಿಯುವುದು ಇಷ್ಟೊಂದು ಮುಖ್ಯವೇಕೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ವಿವರಿಸಿದರು. 2001ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತುದು ಈ ಬಗೆಯ ವಿಚಾರಕ್ಕಾಗಿಯೇ. ಅವರು ತೆಗೆದುಕೊಂಡ ಉದಾಹರಣೆ ಹಳೆಯ ಮೋಟಾರು ಕಾರುಗಳದು. ಅದನ್ನು ಚಹಕ್ಕೆ ಅಳವಡಿಸಿ ನೋಡೋಣ.

ಒಂದು ಸಂತೆಯಲ್ಲಿ ಅರ್ಧ ಮಂದಿ ಸಾವಿರ ರೂಪಾಯಿ ಬೆಲೆಬಾಳುವ ಚಹವನ್ನೂ ಉಳಿದರ್ಧ ಮಂದಿ ಇನ್ನೂರು ರೂಪಾಯಿ ಬೆಲೆಬಾಳುವ ಚಹವನ್ನೂ ಮಾರುತ್ತಿರುವರೆಂದು ಭಾವಿಸಿರಿ. ಎರಡರ ಪೊಟ್ಟಣವೂ ಹೊಗಳಿಕೆಯೂ ಒಂದೇ. ಭೇದ ತಿಳಿಯದ ಗಿರಾಕಿಯು ಎರಡಕ್ಕೂ ನಡುವಿನ ಬೆಲೆಯಾದ ಆರುನೂರು ರೂಪಾಯಿಗಿಂತ ಹೆಚ್ಚು ಕೊಡಲಾರನು. ಆ ಬೆಲೆಗೆ ಮಾರಿದರೆ ಒಳ್ಳೆಯ ಚಹದವನಿಗೆ ನಷ್ಟ. ಅವನು ಅಂಗಡಿಯನ್ನು ಮುಚ್ಚಿ ನಡೆಯುತ್ತಾನೆ. ಕೆಟ್ಟ ಚಹದವನಿಗೆ ನಾನೂರು ರೂಪಾಯಿ ಲಾಭ, ಅವನು ಉಳಿಯುತ್ತಾನೆ. ಕಾಲಕ್ರಮದಲ್ಲಿ ಸಂತೆಯಲ್ಲೆಲ್ಲ ಕೆಟ್ಟ ಚಹವೇ ತುಂಬುತ್ತದೆ.

ಇಲ್ಲಿ ಸೋತವನು ಗಿರಾಕಿಯೊಬ್ಬನೇ ಅಲ್ಲ. ಕಡಿದಾದ ಇಳಿಜಾರಿನಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎರಡೆಲೆಯ ಕುಡಿಯನ್ನು ಆಯ್ದು ಕೀಳುವ ಹೆಂಗಸಿನ ಕೂಲಿಯೂ ಆ ಸಾವಿರ ರೂಪಾಯಿಯಲ್ಲಿಯೇ ಸೇರಿತ್ತು. ಒಳ್ಳೆಯ ಎಲೆಗೆ ಒಳ್ಳೆಯ ಬೆಲೆ ಬಾರದಿದ್ದರೆ, ಎಚ್ಚರಿಕೆಯಿಂದ ಕೀಳುವ ಅಗತ್ಯವೇ ತೋಟಕ್ಕೆ ಉಳಿಯುವುದಿಲ್ಲ. ಆದುದರಿಂದ ನಂಬತಕ್ಕ ವರ್ತಕನನ್ನು ಹುಡುಕುವುದು ನಾಲಗೆಯ ಚಾಪಲ್ಯದ ಮಾತಷ್ಟೇ ಅಲ್ಲ.

ದಾರ್ಜಿಲಿಂಗ್ ಎಂಬ ಹೆಸರು

ಇದಕ್ಕೆ ಜೀವಂತ ಉದಾಹರಣೆ ದಾರ್ಜಿಲಿಂಗ್. ಪಶ್ಚಿಮ ಬಂಗಾಳದ ಆ ಬೆಟ್ಟಸೀಮೆಯಲ್ಲಿ, ಈ ಹೆಸರಿಗೆ ಹಕ್ಕುಳ್ಳವೆಂದು ಚಹ ಮಂಡಲಿಯು ಗುರುತಿಸಿದ ತೋಟಗಳು 87. ಇವುಗಳ ವಾರ್ಷಿಕ ಉತ್ಪನ್ನ ಹಿಂದೆ ಒಂದು ಕೋಟಿ ಕಿಲೋಗ್ರಾಮನ್ನು ಮೀರುತ್ತಿತ್ತು. ಈಚಿನ ವರ್ಷಗಳಲ್ಲಿ ಅರವತ್ತು ಲಕ್ಷದ ಆಸುಪಾಸಿಗೆ ಇಳಿದಿದೆ. ಭಾರತದ ಒಟ್ಟು ಉತ್ಪನ್ನವಾದರೋ 130 ಕೋಟಿ ಕಿಲೋಗ್ರಾಮಿನ ಆಸುಪಾಸಿನದು. ಎಂದರೆ ದೇಶದ ನೂರು ಕಿಲೋ ಚಹದಲ್ಲಿ ದಾರ್ಜಿಲಿಂಗಿನದು ಸುಮಾರು ಅರ್ಧ ಕಿಲೋ ಮಾತ್ರ. ಅಂಗಡಿಗಳಲ್ಲಿ ಆ ಹೆಸರು ಕಾಣಸಿಗುವುದು ಎಷ್ಟು ಸುಲಭವೆಂಬುದನ್ನು ನೆನೆದರೆ ವಾಚಕರಿಗೆ ಅನುಮಾನ ಬರುವುದು ಸಹಜ.

2004ರಲ್ಲಿ ದಾರ್ಜಿಲಿಂಗ್ ಚಹವು ಭಾರತದ ಮೊಟ್ಟಮೊದಲ ಭೌಗೋಳಿಕ ಸೂಚಕವಾಗಿ ನೋಂದಾಯಿತವಾಯಿತು. ಗೊತ್ತಾದ ಸೀಮೆಯ ಹೊರಗೆ ಬೆಳೆದ ಎಲೆಗೆ ಆ ಹೆಸರನ್ನು ಇಡಕೂಡದೆಂಬುದು ಇದರ ತಾತ್ಪರ್ಯ. ಕೈಯಲ್ಲಿ ಎರಡೆಲೆ ಮತ್ತು ಮೊಗ್ಗನ್ನು ಹಿಡಿದ ಹೆಂಗಸಿನ ಪಾರ್ಶ್ವಮುಖದ ಮುದ್ರೆಯು ಇದರ ಗುರುತು. ಆದರೂ ಗಡಿಯಾಚೆಯ ನೇಪಾಳದ ಎಲೆಯನ್ನು ಈ ಹೆಸರಿನಲ್ಲಿ ಮಾರುವರೆಂಬ ದೂರು ತೋಟಗಾರರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ನೇಪಾಳದ ಬೆಟ್ಟಗಳ ಚಹವು ಕೆಟ್ಟದ್ದೇನೂ ಅಲ್ಲ. ತನ್ನ ಹೆಸರಿನಲ್ಲಿಯೇ ಮಾರಾಟವಾದರೆ ಅದಕ್ಕೂ ಮರ್ಯಾದೆಯುಂಟು. ದೋಷವಿರುವುದು ಎಲೆಯಲ್ಲಲ್ಲ, ಚೀಟಿಯಲ್ಲಿ.

ಪರೀಕ್ಷೆಗೆ ಸಿಕ್ಕುವ ಮಾತು

ವೃತ್ತಿಯ ವರ್ತಕರು ಹರಾಜಿನಲ್ಲಿ ಹೇಗೆ ಕೊಳ್ಳುವರೆಂಬುದನ್ನು ನೋಡಿದರೆ ನಮಗೂ ದಾರಿ ತೋರುತ್ತದೆ. ಲಂಡನ್ನಿನಲ್ಲಿ 1679ರಿಂದ 1998ರವರೆಗೂ ಚಹದ ಹರಾಜು ನಡೆಯಿತು. ಕಲ್ಕತ್ತೆಯಲ್ಲಿ 1861ರಲ್ಲಿ ಆರಂಭವಾಯಿತು. ಈಗ ಭಾರತದ ಹರಾಜುಗಳು ಗಣಕಯಂತ್ರಗಳ ಮೂಲಕವೇ ನಡೆಯುತ್ತವೆ. ಕೊಳ್ಳುವವನು ರಾಶಿಯ ಮುಂದೆ ನಿಂತಿರುವುದಿಲ್ಲ. ಆದರೆ ಮಾರಾಟಕ್ಕೆ ಮೊದಲೇ ಪ್ರತಿಯೊಂದು ರಾಶಿಯ ಮಾದರಿ ಅವನ ಕೈಸೇರಿರುತ್ತದೆ. ತೋಟದ ಹೆಸರು, ದರ್ಜೆ, ರಾಶಿಯ ಸಂಖ್ಯೆ, ತೂಕ ಇವೆಲ್ಲ ಪಟ್ಟಿಯಲ್ಲಿ ನಮೂದಾಗಿರುತ್ತವೆ. ದೂರದಿಂದ ಕೊಳ್ಳುವ ವಿದ್ಯೆಯ ಸಾರವೇ ಇದು: ಮೊದಲು ವಿವರ, ಅನಂತರ ಮಾದರಿ, ಕೊನೆಗೆ ಹಣ.

ಅಂತರಜಾಲದ ಒಳ್ಳೆಯ ವರ್ತಕನೂ ಈ ವಿವರಗಳನ್ನು ಮುಚ್ಚಿಡುವುದಿಲ್ಲ. ಯಾವ ಸೀಮೆಯ ಯಾವ ತೋಟ, ಯಾವ ವರ್ಷದ ಯಾವ ಫಸಲು, ಯಾವ ತಿಂಗಳಿನ ಕೊಯ್ಲು, ಯಾವಾಗ ಪೊಟ್ಟಣ ಕಟ್ಟಿದ್ದು ಎಂಬುದನ್ನು ಹೇಳುತ್ತಾನೆ. ಬೆರಕೆಯ ಚಹವಾದರೆ ಬೆರಕೆಯೆಂದೇ ಬರೆಯುತ್ತಾನೆ. ಪರಿಮಳವನ್ನು ಹೊರಗಿನಿಂದ ಸೇರಿಸಿದ್ದರೆ ಅದನ್ನೂ ಹೇಳುತ್ತಾನೆ. ಫಸಲು ತೀರಿದಾಗ ‘ಮುಗಿದಿದೆ’ ಎಂದು ಬರೆಯಲು ಅಂಜುವುದಿಲ್ಲ. ಒಂದೇ ತೋಟದ ಒಂದೇ ವಾರದ ಎಲೆಯು ವರ್ಷವಿಡೀ ಅಕ್ಷಯವಾಗಿ ದೊರೆಯುವುದಾದರೆ ಅಲ್ಲಿಯೇ ಸಂಶಯಕ್ಕೆ ಎಡೆಯುಂಟು.

ಇಂತಹ ಮಾತುಗಳನ್ನು ಒರೆಹಚ್ಚಲು ಪಂಚಾಂಗವೇ ಸಾಕು. ದಾರ್ಜಿಲಿಂಗಿನಲ್ಲಿ ವರ್ಷದ ಮೊದಲ ಚಿಗುರು ಬರುವುದು ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ; ಎರಡನೆಯದು ಮೇ ಜೂನ್ ತಿಂಗಳುಗಳಲ್ಲಿ. ಜನವರಿಯಲ್ಲಿಯೇ ‘ಈ ವರ್ಷದ ಮೊದಲ ಚಿಗುರು’ ಎಂದು ಮಾರುವವನು ಗಿಡಕ್ಕಿಂತ ಮುಂದೆ ಓಡುತ್ತಿದ್ದಾನೆ. 2017ರಲ್ಲಿ ಜೂನ್ ನಡುಭಾಗದಿಂದ ಸೆಪ್ಟೆಂಬರ್ ಕೊನೆಯವರೆಗೆ 104 ದಿನಗಳ ಬಂದ್ ನಡೆದು ಅಲ್ಲಿನ ತೋಟಗಳು ಮುಚ್ಚಿದ್ದವು. ಆ ವರ್ಷದ ಮಳೆಗಾಲದ ಕೊಯ್ಲೆಂದು ಯಾರಾದರೂ ದಾರ್ಜಿಲಿಂಗಿನ ಚಹವನ್ನು ಮಾರಿದ್ದರೆ ಅದು ಎಲ್ಲಿಂದ ಬಂದಿತೆಂದು ಕೇಳಲೇಬೇಕಾಗಿತ್ತು. ಚೀಣಾದ ಊಯಿ ಬೆಟ್ಟಗಳಲ್ಲಿ ‘ದಾ ಹೊಂಗ್ ಪಾವ್’ ಚಹದ ಮೂಲವೆನ್ನಿಸಿದ ಆರು ಹಳೆಯ ಪೊದೆಗಳಿವೆ. ಅವುಗಳಿಂದ ಎಲೆ ಕೀಳುವುದನ್ನು 2006ರಲ್ಲಿ ನಿಲ್ಲಿಸಲಾಯಿತು. ಆ ಪೊದೆಗಳ ಹೊಸ ಎಲೆಯೆಂದು ಇಂದು ಮಾರುವವನ ಮಾತಿಗೆ ಬೇರೆ ಪರೀಕ್ಷೆಯೇ ಬೇಡ.

ಪಂಚಾಂಗದಂತೆ ಲೆಕ್ಕವೂ ಒಂದು ಒರೆಗಲ್ಲು. ಸ್ಕಾಟ್ಲೆಂಡಿನಲ್ಲಿ ಒಬ್ಬನು ತನ್ನ ಹೊಲದಲ್ಲಿಯೇ ಬೆಳೆದ ಚಹವೆಂದು ಹೇಳಿ ಪ್ರಸಿದ್ಧ ಹೋಟೆಲುಗಳಿಗೆ ಎಲೆಯನ್ನು ಮಾರಿದನು. ಆ ದೇಶದ ಸಸಿಗಳೆಂದು ಹೇಳಿ ಇಟಲಿಯಿಂದ ತರಿಸಿದ ಗಿಡಗಳನ್ನು ರೈತರಿಗೂ ಮಾರಿದನು. ಎಲೆಯೋ ಸಗಟು ವ್ಯಾಪಾರಿಯಿಂದ ಕೊಂಡ ಪರದೇಶದ ಎಲೆ. ಐದೂವರೆ ಲಕ್ಷ ಪೌಂಡಿಗೂ ಮಿಕ್ಕ ಈ ವಂಚನೆಗಾಗಿ 2025ರಲ್ಲಿ ಅವನಿಗೆ ಕಾರಾಗೃಹವಾಸ ವಿಧಿಸಲಾಯಿತು. ನೆಟ್ಟ ಚಹದ ಸಸಿಯು ಕೊಯ್ಲಿಗೆ ಬರಲು ಅನುಕೂಲವಾದ ಹವೆಯಲ್ಲಿಯೇ ಮೂರು ನಾಲ್ಕು ವರ್ಷಗಳು ಬೇಕು. ಶೀತದೇಶದಲ್ಲಿ ಇನ್ನೂ ಹೆಚ್ಚು. ಎಷ್ಟು ಗಿಡ, ಎಷ್ಟು ವರ್ಷ, ಎಷ್ಟು ಎಲೆ ಎಂದು ಕಾಗದದ ಮೇಲೆ ಗುಣಿಸಿ ನೋಡಿದ್ದರೆ ಅನುಮಾನವು ಮೊದಲೇ ಹುಟ್ಟುತ್ತಿತ್ತು.

ಸಾಕ್ಷ್ಯವಲ್ಲದ ಸಾಕ್ಷ್ಯಗಳು

ದೊಡ್ಡ ಹೋಟೆಲು ಕೊಂಡಿತೆಂಬುದು ಗುಣಕ್ಕೆ ಪ್ರಮಾಣವಲ್ಲವೆಂಬುದೂ ಮೇಲಿನ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಇದೇ ಸಾಲಿಗೆ ಸೇರುವ ಇನ್ನು ಕೆಲವನ್ನು ಹೇಳಬಹುದು.

ಮೊದಲನೆಯದು ಅಕ್ಷರಗಳ ಮೆರವಣಿಗೆ. ಪೊಟ್ಟಣದ ಮೇಲೆ ಒ.ಪಿ., ಬಿ.ಒ.ಪಿ., ಎಫ್.ಟಿ.ಜಿ.ಎಫ್.ಒ.ಪಿ. ಎಂಬಂತಹ ಅಕ್ಷರಗಳಿರುವುದುಂಟು. ಇವು ಎಲೆಯ ಗಾತ್ರವನ್ನೂ ಇಡಿಯೋ ಮುರುಕೋ ಎಂಬುದನ್ನೂ ತುದಿಮೊಗ್ಗುಗಳ ಪ್ರಮಾಣವನ್ನೂ ಸೂಚಿಸುತ್ತವೆ, ರುಚಿಯನ್ನು ಅಳೆಯುವುದಿಲ್ಲ. ಎರಡನೆಯದು ಬೆಲೆ. ಕೈಯಿಂದ ಆಯ್ದು ಕಿತ್ತ ಎಲೆಯು ಅಸಾಧ್ಯವಾದ ಅಗ್ಗದ ಬೆಲೆಗೆ ಬಂದರೆ ಸಂಶಯಪಡಬೇಕೆಂಬುದು ನಿಜ. ಆದರೆ ದುಬಾರಿಯಾದ ಮಾತ್ರಕ್ಕೆ ಶ್ರೇಷ್ಠವೆಂದು ತಿಳಿಯುವುದು ವಂಚಕನಿಗೆ ನೆರವಾಗುವ ಮೂಢನಂಬಿಕೆ. ಮೂರನೆಯದು ಆರೋಗ್ಯದ ಘೋಷಣೆ. ಚಹವು ಸಕ್ಕರೆಕಾಯಿಲೆಯನ್ನು ವಾಸಿಮಾಡುವುದೆಂದೋ ಬೊಜ್ಜನ್ನು ಕರಗಿಸುವುದೆಂದೋ ಸಾರುವವನು, ಪರೀಕ್ಷಿಸಲಾಗದ ಮಾತನ್ನು ಆರಿಸಿಕೊಂಡಿದ್ದಾನೆ. ಅಂತಹವನು ತೋಟದ ಹೆಸರನ್ನು ಹೇಳುವಾಗಲೂ ಎಚ್ಚರದಿಂದಿರುವುದು ಲೇಸು.

ನಾಲ್ಕನೆಯದು ಗಿರಾಕಿಗಳ ಹೊಗಳಿಕೆ ಮತ್ತು ನಕ್ಷತ್ರಗಳು. ಇವನ್ನು ಕೂಲಿ ಕೊಟ್ಟು ಬರೆಸುವ ಪಿಡುಗು ಎಷ್ಟು ಬೆಳೆದಿದೆಯೆಂದರೆ, ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಇದಕ್ಕಾಗಿಯೇ ಒಂದು ಮಾನಕವನ್ನು ಹೊರಡಿಸಬೇಕಾಯಿತು. ‘ಅದ್ಭುತ’, ‘ಉತ್ತಮೋತ್ತಮ’ ಎಂಬ ನೂರು ಮಾತುಗಳಿಗಿಂತ, ‘ಕಳೆದ ವರ್ಷದ ಎಲೆಗಿಂತ ಈ ಸಲ ಒಗರು ಹೆಚ್ಚು, ನೀರಿನ ಶಾಖ ತಗ್ಗಿಸಿದ ಮೇಲೆ ಸರಿಯಾಯಿತು’ ಎಂಬಂತಹ ಒಂದು ಮಾತು ಹೆಚ್ಚು ಬೆಲೆಯುಳ್ಳದ್ದು. ಅದನ್ನು ಬರೆದವನು ಚಹವನ್ನು ಕುಡಿದಿರುವ ಸಂಭವವಾದರೂ ಇದೆ.

ಕಾನೂನಿನ ಕಾವಲು

ಕೊಳ್ಳುವವನ ಬೆನ್ನಿಗೆ ಕಾನೂನೂ ಇದೆ. ಆಹಾರವನ್ನು ಮಾರುವ ಸಂಸ್ಥೆಗೆ, 2006ರ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ, 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಬೇಕು. ಅದು ಪೊಟ್ಟಣದ ಮೇಲೆ ಅಚ್ಚಾಗಿರಬೇಕು. ಚಹಕ್ಕೆ ಹೊರಗಿನ ಬಣ್ಣವನ್ನು ಸೇರಿಸುವುದು ನಿಷಿದ್ಧ. 2020ರ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಅಂತರಜಾಲದ ವ್ಯಾಪಾರಿಯು ತನ್ನ ಹೆಸರು ವಿಳಾಸಗಳನ್ನೂ ದೂರು ಕೇಳುವ ಅಧಿಕಾರಿಯ ಹೆಸರನ್ನೂ ಸರಕು ಹಿಂತಿರುಗಿಸುವ ಕ್ರಮವನ್ನೂ ತಿಳಿಸತಕ್ಕದ್ದು. ದೂರು ತಲುಪಿದುದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಗಿರಾಕಿಯ ವೇಷದಲ್ಲಿ ತನ್ನ ಸರಕನ್ನು ತಾನೇ ಹೊಗಳಿಕೊಳ್ಳುವುದನ್ನೂ ಈ ನಿಯಮಗಳು ನಿಷೇಧಿಸಿವೆ. ಪರಿಹಾರ ಸಿಕ್ಕದಿದ್ದರೆ 1915 ಎಂಬ ಸಂಖ್ಯೆಗೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ಪರವಾನಗಿಯ ಸಂಖ್ಯೆಯು ಚಹದ ರುಚಿಗೆ ಜಾಮೀನಲ್ಲ. ಮಾರುವವನು ಯಾರು, ಎಲ್ಲಿರುವನು, ತಪ್ಪಾದರೆ ಯಾರನ್ನು ಹಿಡಿಯಬೇಕು ಎಂಬುದನ್ನು ಮಾತ್ರ ಅದು ಗೊತ್ತುಮಾಡುತ್ತದೆ. ಹಾರ್ನಿಮನ್ನನ ಮೊಹರೂ ಮಾಡಿದ್ದು ಇಷ್ಟನ್ನೇ.

ಮನೆಯ ಪ್ರಯೋಗಶಾಲೆ

ಹೊಸ ವರ್ತಕನಿಂದ ಮೊದಲ ಸಲ ಕಿಲೋಗಟ್ಟಲೆ ಕೊಳ್ಳಬಾರದು. ಇಪ್ಪತ್ತು ಮೂವತ್ತು ಗ್ರಾಮಿನ ಮಾದರಿಗಳನ್ನು ತರಿಸಬೇಕು. ಮಾದರಿಯನ್ನು ಕೊಡಲೊಪ್ಪದ ಅಂಗಡಿಯನ್ನು ಬಿಟ್ಟು ಮುಂದೆ ಸಾಗಬಹುದು. ಪೊಟ್ಟಣವು ಬಂದ ಮೇಲೆ ಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಕೆಲವು ಪರೀಕ್ಷೆಗಳುಂಟು.

ಸೋಸುಕಾಗದದ ಮೇಲೆ ಸ್ವಲ್ಪ ಎಲೆಯನ್ನು ಹರಡಿ, ಕಾಗದ ಒದ್ದೆಯಾಗುವಷ್ಟು ನೀರನ್ನು ಚಿಮುಕಿಸಿರಿ. ಬಳಿಕ ಎಲೆಯನ್ನು ತೆಗೆದು ಕಾಗದವನ್ನು ತೊಳೆದು ಬೆಳಕಿಗೆ ಹಿಡಿಯಿರಿ. ಶುದ್ಧ ಚಹವು ಎದ್ದುಕಾಣುವ ಕಲೆಯನ್ನು ಉಳಿಸುವುದಿಲ್ಲ. ಚರಟಕ್ಕೆ ಕೃತಕ ಬಣ್ಣ ಹಚ್ಚಿದ್ದರೆ ಬಣ್ಣದ ಕಲೆ ಒಡನೆಯೇ ಕಾಣುತ್ತದೆ. ಇನ್ನೊಂದು ಚಿಟಿಕೆಯ ಮೇಲೆ ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣದ ರಜವಿದ್ದರೆ ಅಂಟಿಕೊಳ್ಳುತ್ತದೆ. ಯಂತ್ರಗಳ ಸವೆತದಿಂದ ಅತ್ಯಲ್ಪ ಕಬ್ಬಿಣ ಸೇರುವುದುಂಟು. ಗಡ್ಡದಂತೆ ಜೋತುಬಿದ್ದರೆ ಮಾತ್ರ ದೂರು ಕೊಡತಕ್ಕ ಸಂಗತಿ.

ಕಾಯಿಸಿದ ಎಲೆಯನ್ನು ಬಿಸುಡದೆ ಬಿಳಿಯ ತಟ್ಟೆಯಲ್ಲಿ ಬಿಡಿಸಿ ನೋಡಿರಿ. ಚಹದ ಎಲೆಯ ಅಂಚು ಗರಗಸದಂತಿರುತ್ತದೆ; ಪಕ್ಕದ ನರಗಳು ಅಂಚನ್ನು ಮುಟ್ಟುವ ಮೊದಲೇ ಬಾಗಿ ಒಂದನ್ನೊಂದು ಕೂಡುತ್ತವೆ. ‘ಇಡಿಯೆಲೆ’ ಎಂದು ಬರೆದ ಪೊಟ್ಟಣದಿಂದ ಬರಿಯ ಚೂರುಗಳೂ ಕಡ್ಡಿಗಳೂ ಹೊರಬಂದರೆ ವರ್ಣನೆ ಸುಳ್ಳೆಂಬುದಕ್ಕೆ ತಟ್ಟೆಯೇ ಸಾಕ್ಷಿ. ಕೀಟನಾಶಕದ ಶೇಷವನ್ನಾಗಲಿ ಸುಳ್ಳು ಊರಿನ ಹೆಸರನ್ನಾಗಲಿ ಈ ಪರೀಕ್ಷೆಗಳು ಹಿಡಿಯಲಾರವೆಂಬುದನ್ನು ಮರೆಯಬಾರದು. ಅದಕ್ಕೆ ಸುಸಜ್ಜಿತ ಪ್ರಯೋಗಾಲಯವೇ ಬೇಕು.

ಉಳಿದುದು ರುಚಿ. ಎರಡು ಅಂಗಡಿಗಳ ಚಹವನ್ನು ಹೋಲಿಸುವಾಗ ಎಲ್ಲವೂ ಸಮನಾಗಿರಬೇಕು. ಅಂತರರಾಷ್ಟ್ರೀಯ ಮಾನಕವು 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಮ್ ಎಲೆ, 6 ನಿಮಿಷ ಎಂದು ವಿಧಿಸುತ್ತದೆ. ಇದು ಹಿತವಾಗಿ ಕುಡಿಯುವ ಪಾಕವಲ್ಲ, ಹೋಲಿಕೆಯ ಪಾಕ. ಗುಣವೂ ದೋಷವೂ ಇದರಲ್ಲಿ ಬಯಲಾಗುತ್ತವೆ. ಹೆಸರು ಬೆಲೆಗಳು ನಾಲಗೆಯನ್ನು ಮೋಸಗೊಳಿಸದಂತೆ ಬಟ್ಟಲುಗಳನ್ನು ಮತ್ತೊಬ್ಬರಿಂದ ಗುರುತು ಮರೆಸಿ ಇಡಿಸಬೇಕು. ಮೂರು ಬಟ್ಟಲುಗಳಲ್ಲಿ ಎರಡರಲ್ಲಿ ಒಂದೇ ಚಹ, ಮೂರನೆಯದರಲ್ಲಿ ಬೇರೆ, ಬೇರೆಯಾದುದನ್ನು ಆರಿಸಬೇಕು. ಬರಿಯ ಊಹೆಯಿಂದ ಒಮ್ಮೆ ಸರಿಯಾಗುವ ಸಂಭವ ಮೂರರಲ್ಲಿ ಒಂದು. ನಾಲ್ಕು ಸಲ ಒಂದೇ ಸಮನೆ ಸರಿಯಾಗುವ ಸಂಭವ ಎಂಬತ್ತೊಂದರಲ್ಲಿ ಒಂದು. ನಾಲ್ಕು ಸಲವೂ ಗುರುತಿಸಿದರೆ ಭೇದವು ನಿಜವೆನ್ನಬಹುದು. ಗುರುತಿಸಲಾಗದಿದ್ದರೆ ದುಬಾರಿಯ ಚಹಕ್ಕೆ ಹಣ ಸುರಿಯುವ ಅಗತ್ಯವೇನು?

ಈ ಬಗೆಯ ವಿಚಾರವು ಚಹದ ಬಟ್ಟಲಿಗೆ ಹೊಸತಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ, ಹಾಲನ್ನು ಮೊದಲು ಹಾಕಿದರೋ ಚಹವನ್ನು ಮೊದಲು ಹಾಕಿದರೋ ಎಂಬುದನ್ನು ಕುಡಿದೇ ಹೇಳಬಲ್ಲೆನೆಂದು ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಹೇಳಿದರಂತೆ. ಇದನ್ನು ನಕ್ಕು ತಳ್ಳಿಹಾಕದೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಎಂಟು ಬಟ್ಟಲುಗಳ ಪರೀಕ್ಷೆಯೊಂದನ್ನು ಯೋಜಿಸಿದರು: ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು. 1935ರಲ್ಲಿ ಫಿಷರರು ಪ್ರಕಟಿಸಿದ ಪ್ರಯೋಗವಿನ್ಯಾಸದ ಗ್ರಂಥದಲ್ಲಿ ಈ ಚಹದ ಪರೀಕ್ಷೆಯೇ ಮೊದಲ ಉದಾಹರಣೆಯಾಯಿತು.

ಕೊನೆಯ ಮಾತು

ಕರ್ನಾಟಕದವರಿಗೆ ಉತ್ತಮ ಚಹದ ನಾಡುಗಳು ಬಹು ದೂರದವೇನೂ ಅಲ್ಲ. ನೀಲಗಿರಿಯು ನಮ್ಮ ನೆರೆಯದೇ. ಅಲ್ಲಿ ಡಿಸೆಂಬರ್ ಜನವರಿ ತಿಂಗಳುಗಳ ಮಂಜಿನ ರಾತ್ರಿಗಳ ಬಳಿಕ ಕಿತ್ತ ಎಲೆಗೆ ವಿಶೇಷ ಪರಿಮಳವುಂಟು. ಕಾಫಿಯ ಸೀಮೆಗಳಾದ ಹಾಸನ, ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಕೆಲವು ಚಹದ ತೋಟಗಳಿವೆ. ಇಂತಹ ತೋಟಗಳು ತಾವೇ ನೇರವಾಗಿ ಗಿರಾಕಿಯನ್ನು ತಲುಪಲು ಅಂತರಜಾಲವು ದಾರಿ ತೆರೆದಿದೆ. ಆ ದಾರಿಯಲ್ಲಿ ಪ್ರಾಮಾಣಿಕರು ನಿಲ್ಲಬೇಕಾದರೆ ಕೊಳ್ಳುವವರು ಕೇಳುವವರಾಗಬೇಕು.

ಒಂದು ಸಣ್ಣ ಪುಸ್ತಕವನ್ನು ಇಟ್ಟುಕೊಂಡು, ಕೊಂಡ ದಿನ, ಅಂಗಡಿ, ತೋಟ, ಫಸಲು, ವರ್ತಕನು ಹೇಳಿದ್ದೇನು, ಬಟ್ಟಲಲ್ಲಿ ಕಂಡದ್ದೇನು ಎಂಬುದನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಹೇಳಿದ್ದೂ ಕಂಡದ್ದೂ ನಾಲ್ಕಾರು ಸಲ ಹೊಂದಿದರೆ ಆ ವರ್ತಕನು ನಂಬಿಕೆಯನ್ನು ಸಂಪಾದಿಸಿದ್ದಾನೆ. ಒಮ್ಮೆ ತಪ್ಪಿದಾಗ ಅವನನ್ನು ಕೇಳಿ ನೋಡಬೇಕು. ತಪ್ಪನ್ನು ಒಪ್ಪಿ ಸರಿಪಡಿಸುವನೋ, ಮಾತು ಮರೆಸುವನೋ ಎಂಬುದೂ ಪರೀಕ್ಷೆಯ ಒಂದು ಅಂಗವೇ. ಕಾಣದ ಅಂಗಡಿಯಲ್ಲಿ ನಮ್ಮ ಮೂಗು ಬೆರಳುಗಳು ಕೆಲಸಕ್ಕೆ ಬಾರದಿರಬಹುದು. ಪ್ರಶ್ನೆ ಕೇಳುವ ಬುದ್ಧಿಗೆ ಅಲ್ಲಿಯೂ ಪ್ರವೇಶವುಂಟು.